ಕೊಳಗದಲ್ಲಿ ಇದ್ದದ್ದು

ಡೊಂಬಿವಲಿ ಪೂರ್ವ
4 ಆಗಸ್ಟ್ 2024

ಶ್ರೀ ವಸಂತಕುಮಾರ ಅವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಸೊಲ್ಲಾಪುರ ಮತ್ತು ಠಾಣೆಯ ವಿಮಾ ಕಚೇರಿಗಳಲ್ಲಿ ಗುಮಾಸ್ತನಾಗಿದ್ದು ಕಳೆದ ವರ್ಷ ನಿವೃತ್ತನಾದೆ. ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಕಾದಂಬರಿಗಳನ್ನು ಪೆನ್ಸಿಲ್ ಹಿಡಿದು ಓದುವುದು ನನ್ನ ಅಭ್ಯಾಸ. ಲೋಕಲ್ ಗಾಡಿಯಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕ ದಿನಗಳಲ್ಲಿ ಬೆಳೆದ ಅಭ್ಯಾಸ ಅದು; ಈಗ ಮನೆಯ ಕಿಟಕಿಯ ಬಳಿ ಮುಂದುವರಿದಿದೆ.

ನೀವು ಇಂಗ್ಲಿಷಿನಿಂದ ತಂದ ‘ಬಂದರಿನ ಎಂಟು ತಟ್ಟೆಗಳು’ ಕಾದಂಬರಿಯನ್ನು ಎರಡು ಸಲ ಓದಿದೆ. ಹಡಗುಕಟ್ಟೆಯ ಎಂಟು ಜನ ಕೂಲಿಗಳು ಒಂದೇ ಮೇಜಿನಲ್ಲಿ ಉಣ್ಣುವ ಕಥೆ ಇದು. ಅವರ ಊಟದ ಮನೆಯನ್ನು ನೀವು ಖಾನಾವಳಿ ಎನ್ನದೆ, ಭೋಜನಶಾಲೆ ಎನ್ನದೆ, ‘ಮೆಸ್’ ಎಂದೇ ಉಳಿಸಿಕೊಂಡಿದ್ದೀರಿ. ಸರಿಯಾದ ನಿರ್ಧಾರ. ನಮ್ಮ ಕಡೆಯವರ ಬಾಯಲ್ಲಿ ಆ ಪದ ಎಂದೋ ಕನ್ನಡವಾಗಿದೆ.

ನನ್ನ ಮಾತಿರುವುದು ಕೊನೆಯಲ್ಲಿ ನೀವು ಸೇರಿಸಿರುವ ‘ಒಂದು ಪದದ ಇಳಿಜಾರು’ ಎಂಬ ಪ್ರಬಂಧದ ಬಗ್ಗೆ. ಮೆಸ್ ಎಂಬುದು ಹಳೆಯ ಫ್ರೆಂಚಿನಲ್ಲಿ ಒಂದು ಬಾರಿಯ ಊಟ, ಅದಕ್ಕೂ ಹಿಂದೆ ಲ್ಯಾಟಿನಿನಲ್ಲಿ ‘ಮುಂದಿಟ್ಟದ್ದು, ಕಳಿಸಿದ್ದು’, ಆಮೇಲೆ ಒಟ್ಟಿಗೆ ಉಣ್ಣುವ ನಾಲ್ವರ ಗುಂಪು ಎಂದು ಬರೆದಿದ್ದೀರಿ. ಠಾಣೆಯ ಗ್ರಂಥಾಲಯದಲ್ಲಿ ದೊಡ್ಡ ನಿಘಂಟು ತೆಗೆಸಿ ನೋಡಿದೆ, ಎಲ್ಲವೂ ಸರಿ. ಆದರೆ ಸೈನಿಕರ ಗಲೀಜಿನಿಂದ ಆ ಪದಕ್ಕೆ ‘ಹೊಲಸು’ ಎಂಬ ಅರ್ಥ ಬಂತು ಎಂದಿರುವುದು ತಪ್ಪು. ನಡುವೆ ಇನ್ನೊಂದು ಅರ್ಥವಿದೆ: ದನ, ಹಂದಿಗಳಿಗೆ ಕಲಸಿ ಇಡುವ ಆಹಾರ. ಕಲಸುಮೇಲೋಗರ, ಗೊಂದಲ, ಹೊಲಸು, ಇವೆಲ್ಲ ಆ ಮೆಟ್ಟಿಲಿನಿಂದ ಇಳಿದು ಬಂದವು. ನೀವು ಆ ಮೆಟ್ಟಿಲನ್ನೇ ಹಾರಿದ್ದೀರಿ.

ಹಾರಿದ ಜಾಗದಲ್ಲಿ, 268ನೆಯ ಪುಟದಲ್ಲಿ, ಹೀಗೆ ಬರೆದಿದ್ದೀರಿ:

“ಠಾಣೆಯ ಪಕ್ಕದ ಕಳವಾ ಊರಿನಲ್ಲಿ ನಾನು ಮೂರು ವರ್ಷ ಒಂದು ಮೆಸ್ಸಿನಲ್ಲಿ ಉಂಡೆ. ಅದನ್ನು ನಡೆಸುತ್ತಿದ್ದ ಹೆಂಗಸು ಎಲ್ಲರೂ ಉಂಡೆದ್ದ ಮೇಲೆ ಉಳಿದ ಬೇಳೆ, ರೊಟ್ಟಿ ಚೂರು, ಅನ್ನ ಎಲ್ಲವನ್ನೂ ಒಂದೇ ಕೊಳಗಕ್ಕೆ ಸುರಿದು ಒಲೆಯ ಮೇಲೆ ಇಡುತ್ತಿದ್ದಳು. ಮರುದಿನದ ಬೇಳೆಯ ರುಚಿಯ ಗುಟ್ಟು ಅಂದು ನನಗೆ ತಿಳಿಯಿತು. ಊಟದಿಂದ ಹೊಲಸಿಗೆ ಇಳಿಯಲು ಆ ಪದಕ್ಕೆ ಇಂಗ್ಲಿಷಿನಲ್ಲಿ ಐದು ನೂರು ವರ್ಷ ಹಿಡಿಯಿತು. ಕಳವಾದಲ್ಲಿ ಒಂದು ಮಧ್ಯಾಹ್ನ ಸಾಕಾಯಿತು.”

ಮೂರು ಪ್ರಶ್ನೆಗಳು. ಆ ಕೊಳಗದಲ್ಲಿದ್ದದ್ದು ಮರುದಿನ ನಿಮ್ಮ ತಟ್ಟೆಗೆ ಬಂದದ್ದನ್ನು ನೀವು ಕಣ್ಣಾರೆ ಕಂಡಿರಾ? ಆಕೆಯನ್ನು ಕೇಳಿದಿರಾ? ಇಷ್ಟು ದೊಡ್ಡ ಆರೋಪ ಹೊರಿಸಿದ ಮೇಲೆ ಆಕೆಗೆ ಒಂದು ಹೆಸರನ್ನಾದರೂ ಯಾಕೆ ಕೊಡಲಿಲ್ಲ?

ಉತ್ತರಕ್ಕಾಗಿ ಕಾಯುವ,
ಸಿದ್ಧೇಶ್ವರ ಮುಳವಾಡ


ಉಡುಪಿ
26 ಆಗಸ್ಟ್ 2024

ಪ್ರಿಯ ಸಿದ್ಧೇಶ್ವರ ಅವರೇ,

ನಿಮ್ಮಂಥ ಓದುಗರು ಸಿಗುವುದು ಅನುವಾದಕನ ಭಾಗ್ಯ. ದನಗಳ ಆಹಾರದ ಅರ್ಥವನ್ನು ಬಿಟ್ಟದ್ದು ನಿಜ, ಒಪ್ಪಿದೆ. ಎರಡನೆಯ ಮುದ್ರಣದಲ್ಲಿ ಸೇರಿಸುತ್ತೇನೆ. ಅಂದ ಹಾಗೆ, ಮುಂದಿನ ಜೂನ್‌ನಿಂದ ಈ ಪುಸ್ತಕ ಪದವಿ ತರಗತಿಗಳಿಗೆ ಪಠ್ಯವಾಗುತ್ತಿದೆ. ಆಯ್ಕೆ ಸಮಿತಿಯವರು ಮೆಚ್ಚಿದ್ದು ವಿಶೇಷವಾಗಿ ಆ ಪ್ರಬಂಧವನ್ನೇ, ಅದರಲ್ಲೂ ನೀವು ಉದ್ಧರಿಸಿದ ಸಾಲುಗಳನ್ನೇ.

ಕಳವಾದಲ್ಲಿದ್ದ ಆ ಹೆಂಗಸಿನ ಬಗ್ಗೆ ನೀವು ಇಷ್ಟು ಗಂಭೀರವಾಗಿ ಕೇಳಿರುವುದು ನನಗೆ ಸ್ವಲ್ಪ ಅಚ್ಚರಿ ತಂದಿತು. ಪ್ರಬಂಧವೆಂದರೆ ಪೊಲೀಸ್ ಪಂಚನಾಮೆಯಲ್ಲವಲ್ಲ. 1994ರಿಂದ 97ರವರೆಗೆ ನಾನು ಠಾಣೆಯ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಮಾಸ್ತರನಾಗಿದ್ದೆ. ಹಿನ್ನೀರಿನ ಖಾಡಿಯ ಆಚೆ ಕಳವಾದಲ್ಲಿ ಮೂವರು ಸೇರಿ ಒಂದು ಖೋಲಿ ಹಿಡಿದಿದ್ದೆವು. ಅಲ್ಲಿ ಇಂಥ ಮೆಸ್ಸುಗಳು ಹತ್ತಾರು. ಆಕೆಯನ್ನು ಒಂದು ಪ್ರತೀಕವೆಂದು ತಿಳಿಯಿರಿ. ಓದುಗನ ಮನಸ್ಸಿನಲ್ಲಿ ಪದದ ಪಯಣ ಅಚ್ಚೊತ್ತಬೇಕಾದರೆ ಒಂದು ಚಿತ್ರ ಬೇಕು. ನನಗೆ ಆ ಕೊಳಗ ಸಿಕ್ಕಿತು. ಹೆಸರು ಬೇಕೆಂದೇ ಹಾಕಲಿಲ್ಲ, ಅದು ಸೌಜನ್ಯ. ಅಂದೇ ಅವರಿಗೆ ಐವತ್ತರ ಮೇಲಾಗಿತ್ತು; ಈಗ ಬಹುಶಃ ಇರಲಿಕ್ಕಿಲ್ಲ.

ನಿಮ್ಮೂರಿನ ಕನ್ನಡ ಸಂಘದವರು ಫೆಬ್ರವರಿ 16ರಂದು ಪುಸ್ತಕದ ಬಗ್ಗೆ ಸಂವಾದ ಇಟ್ಟುಕೊಂಡು ನನ್ನನ್ನು ಕರೆದಿದ್ದಾರೆ. ಅಲ್ಲಿ ಭೇಟಿಯಾಗೋಣ.

ವಿಶ್ವಾಸದಿಂದ,
ವಸಂತಕುಮಾರ


ಡೊಂಬಿವಲಿ ಪೂರ್ವ
1 ಸೆಪ್ಟೆಂಬರ್ 2024

ಶ್ರೀ ವಸಂತಕುಮಾರ ಅವರಿಗೆ,

ಅವರು ಇದ್ದಾರೆ. ಎಂಬತ್ತನಾಲ್ಕು ವರ್ಷ. ಈ ಕಾಗದ ಬರೆಯುತ್ತಿರುವ ಮೇಜಿನಿಂದ ಆರು ಅಡಿ ದೂರದಲ್ಲಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದಾರೆ. ಹೆಸರು ಸಾಬವ್ವ. ನನ್ನ ತಾಯಿ.

ಮೊದಲ ಕಾಗದದಲ್ಲೇ ಇದನ್ನು ಹೇಳಬಹುದಿತ್ತು. ಮಗನ ಸಿಟ್ಟು ಎಂದು ನೀವು ತಳ್ಳಿಹಾಕಬಾರದು, ಓದುಗನ ಪ್ರಶ್ನೆಗೆ ಉತ್ತರ ಕೊಡಬೇಕು ಎಂದುಕೊಂಡಿದ್ದೆ. ನೀವು ಉತ್ತರ ಕೊಟ್ಟಿರಿ. ಕಣ್ಣಾರೆ ಕಂಡಿರಾ ಎಂದರೆ ‘ಪ್ರತೀಕ’. ಕೇಳಿದಿರಾ ಎಂದರೆ ‘ಚಿತ್ರ ಬೇಕಿತ್ತು’. ಹೆಸರೆಲ್ಲಿ ಎಂದರೆ ‘ಸೌಜನ್ಯ’.

ರೈಲ್ವೆ ಕಾರ್ ಶೆಡ್ಡಿನ ಕೆಲಸಗಾರರ ಹತ್ತಾರು ಮೆಸ್ಸುಗಳು ಅಲ್ಲಿದ್ದವು, ಸರಿ. ಜೋಳದ ರೊಟ್ಟಿ ಬಡಿಯುವ ಮೆಸ್ ಇದ್ದದ್ದು ಒಂದೇ. ನೀವು ಉಡುಪಿಯವರು, ಮೊದಲ ತಿಂಗಳು ರೊಟ್ಟಿ ಗಂಟಲಲ್ಲಿ ಇಳಿಯದೆ ನೀರು ಕುಡಿಯುತ್ತಿದ್ದಿರಂತೆ. ಅವ್ವ ನಿಮಗೊಬ್ಬರಿಗೆ ಬೇರೆ ಅನ್ನ ಮಾಡುತ್ತಿದ್ದಳು. ನೀವು ಉಂಡ ವರ್ಷಗಳಲ್ಲಿ ನಾನು ಸೊಲ್ಲಾಪುರದಲ್ಲಿದ್ದೆ, ಹಾಗಾಗಿ ನಮ್ಮ ಭೇಟಿಯಾಗಲಿಲ್ಲ. ಆದರೆ ‘ವಸಂತ ಮಾಸ್ತರ’ ಎಂಬ ಹೆಸರು ಈ ಮನೆಯಲ್ಲಿ ಮೂವತ್ತು ವರ್ಷದಿಂದ ಇದೆ. 96ರ ಮಳೆಗಾಲದಲ್ಲಿ ನಿಮಗೆ ಕಾಮಾಲೆಯಾಗಿ ಖೋಲಿಯವರು ದೂರ ಸರಿದಾಗ, ನಲವತ್ತು ದಿನ ಎಣ್ಣೆಯಿಲ್ಲದ ಅಡಿಗೆ ಮಾಡಿ ನಿಮ್ಮ ಬಾಗಿಲಿಗೆ ಕಳಿಸಿದವಳು ಯಾರು? ಪ್ರಬಂಧದಲ್ಲಿ ಅದಕ್ಕೆ ಜಾಗ ಸಾಲಲಿಲ್ಲವೇ?

ಈಗ ಕೊಳಗ. ಮೆಸ್ಸಿನ ಎದುರು ರಸ್ತೆಯಾಚೆ ಹಾಲು ಮಾರುವ ಭಯ್ಯಾನ ಎಮ್ಮೆಗಳ ತಬೇಲಾ ಇತ್ತು. ಉಳಿದ ಬೇಳೆ, ರೊಟ್ಟಿ ಚೂರು, ಅಕ್ಕಿ ತೊಳೆದ ನೀರು, ಕಾಯಿಪಲ್ಲೆಯ ಸಿಪ್ಪೆ, ಎಲ್ಲ ಸೇರಿ ಮುಸುರಿ. ಮೇಲೆ ಎರಡು ಹಿಡಿ ಹಿಂಡಿ ಹಾಕಿ, ಕರು ಹಾಕಿದ ಎಮ್ಮೆಗೆಂದು ಆರುವ ಒಲೆಯ ಮೇಲೆ ಬೆಚ್ಚಗೆ ಮಾಡಿ ಕಳಿಸುತ್ತಿದ್ದಳು. ಬದಲಿಗೆ ಬೆಳಿಗ್ಗೆ ಒಂದು ಕ್ಯಾನು ಮಜ್ಜಿಗೆ ಬರುತ್ತಿತ್ತು. ಕಾಲೇಜಿಗೆ ಹೋಗುವವರೆಗೂ ಆ ಕೊಳಗವನ್ನು ರಸ್ತೆ ದಾಟಿಸಿದವನು ನಾನು. ನಿಮ್ಮೂರಿನಲ್ಲಿ ಇದಕ್ಕೆ ಅಕ್ಕಚ್ಚು ಎನ್ನುತ್ತಾರೆ. ದನದ ಹಟ್ಟಿಯಿರುವ ಮನೆಯಲ್ಲಿ ಹುಟ್ಟಿದ ನಿಮಗೆ ಅಕ್ಕಚ್ಚು ಕಂಡು ಗುರುತು ಸಿಗಲಿಲ್ಲ! ಎಮ್ಮೆ ಊರಲ್ಲಿ ಮಾತ್ರ ಇರುತ್ತದೆ, ಮುಂಬಯಿಯ ಪಕ್ಕದ ಚಾಳಿನಲ್ಲಿ ಇರುವವರು ಒಬ್ಬರ ಎಂಜಲನ್ನು ಇನ್ನೊಬ್ಬರಿಗೆ ಉಣಿಸುತ್ತಾರೆ ಎಂದುಕೊಂಡಿರಿ.

ನನ್ನ ಕಷ್ಟ ಕೇಳಿ. ಅವ್ವನಿಗೆ ಓದಲು ಬರುವುದಿಲ್ಲ. ಮಾಸ್ತರರ ಪುಸ್ತಕ ಎಂದು ದಿನಾ ಸಂಜೆ ನನ್ನಿಂದ ಓದಿಸಿ ಕೇಳಿದಳು. ಕಾದಂಬರಿ ಮುಗಿದಿದೆ. ಪ್ರಬಂಧ ಇದೆ ಎಂದು ನಾನು ಹೇಳಿಲ್ಲ. ಫೆಬ್ರವರಿ ಸಂವಾದದಲ್ಲಿ ಮೊದಲ ಸಾಲಿನಲ್ಲಿ ಕೂರುತ್ತೇನೆಂದು ಈಗಲೇ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ಆ ಸಭೆಯಲ್ಲಿ ಯಾರಾದರೂ 268ನೆಯ ಪುಟವನ್ನು ಮೆಚ್ಚಿ ಓದಿದರೆ?

ಎರಡನೆಯ ಮುದ್ರಣದಲ್ಲಿ ಆ ಮಾತು ಸುಳ್ಳೆಂದು ಬರೆಯಿರಿ. ನಿಜ ಏನೆಂದು ಬರೆಯಿರಿ. ಬೇರೇನೂ ಬೇಡ.

ಸಿದ್ಧೇಶ್ವರ ಮುಳವಾಡ


ಡೊಂಬಿವಲಿ ಪೂರ್ವ
30 ಸೆಪ್ಟೆಂಬರ್ 2024

ಶ್ರೀ ವಸಂತಕುಮಾರ ಅವರಿಗೆ,

ಅಪರಿಚಿತ ಓದುಗನಿಗೆ ಉತ್ತರಿಸಲು ನಿಮಗೆ ಮೂರು ವಾರ ಸಾಕಾಯಿತು. ಸಾಬವ್ವನ ಮಗನಿಗೆ ನಾಲ್ಕು ವಾರವಾದರೂ ಆಗುತ್ತಿಲ್ಲ. ನನ್ನ ಕಾಗದ ನಿಮಗೆ ಮುಟ್ಟಿದ ಸ್ವೀಕೃತಿಯ ಚೀಟಿ ನನ್ನ ಬಳಿ ಇದೆ.

ಸಿ. ಮು.


ಉಡುಪಿ
9 ಅಕ್ಟೋಬರ್ 2024

ಸಿದ್ಧೇಶ್ವರ ಅವರಿಗೆ ನಮಸ್ಕಾರ.

ಕ್ಷಮಿಸಿ. ಪರೀಕ್ಷೆಗಳಿದ್ದವು ಎಂದು ಬರೆದು ಅಳಿಸಿದೆ. ನಿಜವೆಂದರೆ ನಾಲ್ಕು ಸಲ ಬರೆಯಲು ಕುಳಿತು ಎದ್ದಿದ್ದೇನೆ.

ಸಾಬವ್ವನವರು ಇದ್ದಾರೆಂದು ತಿಳಿದು ಸಂತೋಷವಾಯಿತು. ಕಾಮಾಲೆಯ ದಿನಗಳನ್ನು ನಾನು ಮರೆತಿಲ್ಲ. ಆ ಋಣವನ್ನು ಬೇರೊಂದು ಸಂದರ್ಭದಲ್ಲಿ ಬರೆಯಬೇಕೆಂದಿತ್ತು. ಈ ಪ್ರಬಂಧದ ಧಾಟಿಗೆ ಅದು ಹೊಂದುತ್ತಿರಲಿಲ್ಲ. ತಬೇಲಾದ ವಿಷಯ ನನಗೆ ತಿಳಿದಿರಲಿಲ್ಲ. ಇಪ್ಪತ್ತನಾಲ್ಕರ ವಯಸ್ಸಿನ ಹುಡುಗನೊಬ್ಬ ಬಾಗಿಲಲ್ಲಿ ನಿಂತು ಕಂಡದ್ದನ್ನು ಹಾಗೆ ಅರ್ಥ ಮಾಡಿಕೊಂಡ. ಅಷ್ಟರಮಟ್ಟಿಗೆ ಅದು ಸುಳ್ಳಲ್ಲ, ಒಂದು ತಪ್ಪು ತಿಳಿವಳಿಕೆ ಎಂದು ನೀವೂ ಒಪ್ಪುವಿರಿ.

ಎರಡನೆಯ ಮುದ್ರಣದ ಕರಡು ನನ್ನ ಕೈಯಲ್ಲೇ ಇದೆ. ತಾಯಿಯವರಿಗೆ ನೋವಾಗದ ಹಾಗೆ ಸೂಕ್ತ ಬದಲಾವಣೆ ಮಾಡುತ್ತೇನೆ. ನಂಬಿ. ಅಲ್ಲಿಯವರೆಗೆ ಈ ವಿಷಯ ನಮ್ಮಿಬ್ಬರ ನಡುವೆಯೇ ಇರಲಿ. ಸಂಘದವರಿಗೆ ತಿಳಿಸುವ ಅಗತ್ಯವಿಲ್ಲ ಅಲ್ಲವೇ?

ನಿಮ್ಮ,
ವಸಂತಕುಮಾರ


ಡೊಂಬಿವಲಿ ಪೂರ್ವ
19 ಜನವರಿ 2025

ಶ್ರೀ ವಸಂತಕುಮಾರ ಅವರಿಗೆ,

ಎರಡನೆಯ ಮುದ್ರಣ ಗುರುವಾರ ಬಂತು. ಮೊದಲು ತೆರೆದದ್ದು 268ನೆಯ ಪುಟ. ದನಗಳ ಆಹಾರ ಎಂಬ ಅರ್ಥ ಸೇರಿದೆ. ಟಿಪ್ಪಣಿಯಲ್ಲಿ ‘ಓದುಗ ಮಿತ್ರರೊಬ್ಬರು ಗಮನಕ್ಕೆ ತಂದರು’ ಎಂದಿದ್ದೀರಿ. ನಾನೂ ಈಗ ಹೆಸರಿಲ್ಲದವನು. ಇರಲಿ.

ಕಳವಾ ಎಲ್ಲಿ? ಮೆಸ್ ಎಲ್ಲಿ? ಇಡೀ ಪರಿಚ್ಛೇದವನ್ನು ಕಿತ್ತು ಆ ಜಾಗದಲ್ಲಿ ಯಾವುದೋ ಶಾಲೆಯ ಹಾಸ್ಟೆಲಿನ ಬಗ್ಗೆ ಎರಡು ಸಾಲು ತುರುಕಿದ್ದೀರಿ. ನಾನು ಕೇಳಿದ್ದು ಸುಳ್ಳನ್ನು ತೆಗೆದು ನಿಜವನ್ನು ಇಡಿ ಎಂದು. ನೀವು ಸುಳ್ಳಿನ ಜೊತೆಗೆ ನನ್ನ ತಾಯಿಯನ್ನೂ ತೆಗೆದಿರಿ. ಮೊದಲ ಮುದ್ರಣದ ಒಂದು ಸಾವಿರ ಪ್ರತಿಗಳಲ್ಲಿ ಆಕೆ ಎಂಜಲು ಉಣಿಸಿದವಳು. ಎರಡನೆಯದರಲ್ಲಿ ಇಲ್ಲವೇ ಇಲ್ಲ. ಇದನ್ನು ತಿದ್ದುವುದು ಎನ್ನುತ್ತಾರೆಯೇ? ನಿಮಗೆ ನೋವಾಗದ ಹಾಗೆ ಬದಲಾವಣೆ ಮಾಡಿಕೊಂಡಿದ್ದೀರಿ, ಅಷ್ಟೇ.

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಬರೆಯಬೇಕು. ಶುಕ್ರವಾರ ಸಂಜೆ, ಈಗ ಭಯವಿಲ್ಲ ಎಂದು ಅವ್ವನಿಗೆ ಹೊಸ ಪುಸ್ತಕದ ಪ್ರಬಂಧವನ್ನು ಪೂರ್ತಿ ಓದಿದೆ. 

“ಇಷ್ಟಽ ಏನು? ನಮ್ಮ ಮೆಸ್ಸಿಂದು ಎಲ್ಲೈತಿ?” ಎಂದಳು.

“ನಿನ್ನ ಮೆಸ್ಸಿನ ಸುದ್ದಿ ಇದರಾಗ ಯಾಕ ಬರ್ತೈತೆವ್ವಾ?” ಎಂದೆ.

“ಬಂದೈತಿ. ಟಿಟ್ವಾಳಾದ ಬಸಲಿಂಗಪ್ಪ ಫೋನ್ ಮಾಡಿದ್ದ. ಸಾಬಕ್ಕಾ, ನಿನ್ನ ಮೆಸ್ಸು ಪುಸ್ತಕದಾಗ ಬಂದೈತಿ, ಖರೆ ಹೇಳ್ತೀನಿ ಓದಿಸಿಕೋಬ್ಯಾಡ, ಅಂದ. ನೀನಽ ಓದ್ತೀ ಅಂತ ನಾ ಗಣಪತಿ ಹಬ್ಬದಿಂದ ದಾರಿ ಕಾಯಾಕತ್ತೀನಿ.”

ಬಸಲಿಂಗಪ್ಪ ಕಾರ್ ಶೆಡ್ಡಿನಲ್ಲಿದ್ದವರು, ಹನ್ನೊಂದು ವರ್ಷ ನಮ್ಮಲ್ಲಿ ಉಂಡವರು. ನಾನು ಐದು ತಿಂಗಳು ಮುಚ್ಚಿಟ್ಟದ್ದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಹಳೆಯ ಪುಸ್ತಕ ತರಿಸಿದಳು. ಓದಿದೆ. ಎರಡನೆಯ ಸಲ ಓದಿಸಿದಳು. ಮೂರನೆಯ ಸಲ ನನ್ನ ಬಾಯಿ ಒಣಗಿತು. ಅಡಿಗೆಮನೆಯಿಂದ ನನ್ನ ಹೆಂಡತಿ ಪೂನಂ ಬಂದು, “ಬಿಡ್ರಿ ಅತ್ತಿ, ಸುಮ್ನ ಜೀವಕ್ಕ ತ್ರಾಸು,” ಎಂದಳು.

“ನಿನ್ನ ಗಂಡ ಐದು ತಿಂಗಳು ಬಿಟ್ಟಾನಲ್ಲ, ಸಾಕು,” ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, “ಅವ ಬರದದ್ದಕ್ಕಿಂತ ನೀ ಓದದಽ ಇದ್ದದ್ದಕ್ಕ ನನಗ ಹೆಚ್ಚು ಸಿಟ್ಟು ಬಂದೈತಿ. ನಾನೇನು ಸಣ್ಣ ಕೂಸೇನು? ನಲವತ್ತು ಗಂಡಸರಿಗೆ ಒಬ್ಬಾಕಿ ಉಣ್ಣಾಕ ಹಾಕೀನಿ. ಬೈಗುಳ ಕೇಳಿ ಗೊತ್ತಿಲ್ಲೇನು ನನಗ?”

ಎರಡು ದಿನದಿಂದ ನನ್ನೊಡನೆ ಮಾತಿಲ್ಲ. ಇಂದು ಬೆಳಿಗ್ಗೆ, “ಕಾಗದ ತಗೊಂಡ್ ಬಾ. ನಾ ಹೇಳ್ತೀನಿ, ನೀ ಬರಿ,” ಎಂದಿದ್ದಾಳೆ. ಭಾನುವಾರಗಳಲ್ಲಿ ಅವಳು ಉಪವಾಸ, ಮನಸ್ಸು ನಿಚ್ಚಳವಾಗಿರುತ್ತದಂತೆ. ಮುಂದಿನ ಕಾಗದ ಅವಳದ್ದು. ನನ್ನಿಂದ ಇನ್ನು ಬರೆಯುವುದೇನೂ ಇಲ್ಲ.

ಸಿದ್ಧೇಶ್ವರ ಮುಳವಾಡ


ಡೊಂಬಿವಲಿ ಪೂರ್ವ
26 ಜನವರಿ 2025

(ನಮ್ಮಿಬ್ಬರ ಕಾಗದಗಳಲ್ಲಿದ್ದದ್ದನ್ನೆಲ್ಲ ಅವ್ವನಿಗೆ ಹೇಳಿದ್ದೇನೆ. ಎರಡು ಭಾನುವಾರ ಅವಳು ಕುಳಿತು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಿದ್ದೇನೆ. ಒಂದಕ್ಷರವನ್ನೂ ತಿದ್ದಿಲ್ಲ. – ಸಿದ್ಧೇಶ್ವರ)

ವಸಂತ ಮಾಸ್ತರಗ ಸಾಬವ್ವ ಹೇಳೋದು.

ಆವಾಗ ನೀ ನಮ್ಮಲ್ಲಿ ಉಣ್ಣಾಕ ಬರತಿದ್ದಾಗ, ಕಲಿತಾವ ಅಂತ ನಿನಗ ನೀವು ಅಂತಿದ್ದೆ. ಈಗ ನೀ ಅಂತೀನಿ. ನಿನಗ ಅಷ್ಟಽ ಸಾಕು.

ಮಗ ಬರದಾನಲ್ಲ, ಎಮ್ಮಿ, ತಬೇಲಾ, ಮುಸುರಿ, ಎಲ್ಲಾ ಖರೆ. ಆದರ ಅವಗ ಗೊತ್ತಿಲ್ಲದ್ದು ಒಂದೈತಿ. ಅದು ನಿನಗ ಗೊತ್ತು, ನನಗ ಗೊತ್ತು.

ಆ ದಿನ ನೀ ಮೂರರ ಸುಮಾರ ಕಾಲೇಜ್ ಲಗೂ ಬಿಟ್ಟಿತು ಅಂತ ಬಂದಿ. ಬಾಗಲದಾಗ ನಿಂತಿ. ನಾ ಕೊಳಗಕ್ಕ ಸುರಿಯೂದ ನೋಡಿದಿ. ನನ್ನ ಮಾರಿ ನೋಡಿದಿ. ಏನೂ ಅನ್ನಲಿಲ್ಲ, ಹೋದಿ. ಮರುದಿನದಿಂದ ಬ್ಯಾಳಿ ಬ್ಯಾಡ ಅಂದಿ. ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದು ಏಳತಿದ್ದಿ. ನನಗ ತಿಳೀತು. ನೀ ಒಂದು ಮಾತು ಕೇಳಿದ್ದರ ಕೈ ಹಿಡಕೊಂಡು ರಸ್ತೆ ದಾಟಿಸಿ ಎಮ್ಮಿ ತೋರಸತಿದ್ದೆ. ಕೇಳಲಿಲ್ಲ. ನಾ ಯಾಕ ಹೇಳಲಿ? ಕಳವು ಮಾಡಿದಾಕಿ ಹಂಗ ನಾನಾಗಿ ಹೋಗಿ ಹಿಂಗಲ್ಲಪಾ ಹಂಗಪಾ ಅನ್ನಾಕ ನನಗೇನಾಗಿತ್ತು?

ಆದರ ಹುಡುಗ ಉಪವಾಸ ಬೀಳಬಾರದು. ಅದಕ್ಕ ಒಲಿಯನ್ನ ಒಳಗಿಂದ ಎತ್ತಿ, ನೀವೆಲ್ಲಾ ಕುಂಡ್ರೂ ಪಡಸಾಲಿಗಿ ತಂದು ಇಟ್ಟೆ. ದಿನಾ ಮುಂಜಾನೆ ನಿನ್ನ ಕಣ್ಣೆದುರಿಗೇ ಬ್ಯಾಳಿ ಆರಿಸಿದೆ, ತೊಳದೆ, ಕುದಿಯಾಕ ಇಟ್ಟೆ. ಉಳದ ಮಂದಿ, ಸಾಬಕ್ಕಾ ಇಲ್ಲಿ ಹೊಗಿ ಆಗತೈತಿ ಅಂತ ಗುರುಗುಟ್ಟಿದರು. ಬಾಯಿ ಮುಚ್ಚಿಕೊಂಡು ಉಣ್ಣಿರಿ ಅಂದೆ. ಎಂಟು ದಿನಾ ನೋಡಿದಿ. ಒಂಬತ್ತನೇ ದಿನಾ, ಸಾಬಕ್ಕಾ ಸ್ವಲ್ಪ ಬ್ಯಾಳಿ ಹಾಕ್ರಿ, ಅಂದಿ. ಎರಡು ಸಲ ಹಾಕಿಸಿಕೊಂಡಿ. ಆಮ್ಯಾಲ ಮತ್ತ ಎರಡು ವರ್ಷ ಉಂಡಿ.

ಅಂದ್ರ ನಿನಗ ತಿಳದಿತ್ತು. ಬ್ಯಾಳಿ ಹೊಸಾದು ಅಂತ ನಿನ್ನ ಕಣ್ಣೀಲೇ ನೋಡಿಯಽ ಉಂಡೀದಿ. ಎಂಜಲ ಅಂತ ಖರೇನಽ ಅನಿಸಿದ್ದರ ಎರಡು ವರ್ಷ ಯಾಂವ ಉಣತಾನ? ತಪ್ಪು ತಿಳಿವಳಿಕಿ ಅಂತ ನನ್ನ ಮಗಗ ಬರದೀಯಲ್ಲ, ತಪ್ಪು ಆಗಿದ್ದು ಎಂಟೇ ದಿನ. ಉಳದ ಮೂವತ್ತು ವರ್ಷದ್ದು ಏನು?

ನಿನ್ನ ಇಂಗ್ಲಿಷ್ ಮಾತು ಎಲ್ಲೆಲ್ಲಿಂದ ಬಂತು ಅಂತ ಮಗ ಓದಿ ಹೇಳಿದ. ಮುಂದಿಟ್ಟದ್ದು ಅಂತ ಇತ್ತಂತ, ಕೂಡಿ ಉಣ್ಣಾವರು ಅಂತ ಇತ್ತಂತ, ದನದ ಕೂಳು ಅಂತ ಆತಂತ, ಹೊಲಸು ಅಂತ ಆತಂತ. ಆಗಲಿ. ಅದು ಅವರ ಮಾತು, ಅವರ ಊರಾಗ ಹೆಂಗರ ತಿರುಗಲಿ. ನಾ ಮೂವತ್ತೆರಡು ವರ್ಷ ಮೆಸ್ಸು ನಡಸೀನಿ. ಬಾಗಲ ಮ್ಯಾಲ ಬೋರ್ಡ್ ಇರಲಿಲ್ಲ. ಮಂದಿ ನಾಲಿಗಿ ಮ್ಯಾಲ ಇತ್ತು. ಸಾಬವ್ವನ ಮೆಸ್ಸು ಅಂದ್ರ ಕಳವಾ ಸ್ಟೇಶನ್ನಿನಾಗ ಹಮಾಲ ಸೈತ ದಾರಿ ತೋರಸತಿದ್ದ. ಆ ಮಾತಿಗಿ ಅಲ್ಲಿ ಒಂದಽ ಅರ್ಥ ಇತ್ತು. ಅದನ್ನ ಕೆಡಿಸಿದಾವ ಇಂಗ್ಲಿಷರಾವ ಅಲ್ಲ, ನೀ.

ಈಗ ಹೊಸಾ ಪುಸ್ತಕದಾಗ ನನ್ನ ತಗದು ಹಾಕೀದಿ ಅಂತ. ಯಾರಿಗೆ ಕೇಳಿ ತಗದಿ? ಹಾಕೂವಾಗೂ ಕೇಳಲಿಲ್ಲ, ತಗಿಯೂವಾಗೂ ಕೇಳಲಿಲ್ಲ. ನನ್ನ ಮಗ ತಗಿ ಅಂದಿದ್ದನೇನು? ಅಂದಿದ್ದರೂ ಅವನ ಮಾತು ಅವಂದು. ಮೆಸ್ಸು ನಂದು.

ಜೂನಿಗೆ ಹುಡುಗರಿಗೆ ಅಂತ ಮತ್ತ ಅಚ್ಚು ಹಾಕಸತಾರಂತ. ಅದರಾಗ ಮೊದಲ ಬರದದ್ದು ಬರದಂಗ ಇರಲಿ. ಒಂದು ಮಾತು ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ. ನೀ ಎಂಥಾದು ಬರದೀದಿ ಅನ್ನೂದು ಕಾಲೇಜ್ ಹುಡುಗರಿಗೆ ಕಾಣಲಿ. ಅದರ ಕೆಳಗ ನಾ ಈಗ ಹೇಳಿದ್ದನ್ನ ಹಾಕಸು. ಎಮ್ಮಿದೂ ಹಾಕು, ಒಲಿ ಎತ್ತಿ ಇಟ್ಟದ್ದೂ ಹಾಕು, ಒಂಬತ್ತನೇ ದಿನದ್ದೂ ಹಾಕು. ಕಾಮಾಲಿದು ಬ್ಯಾಡ. ಅದು ಮಾಡಿದ್ದು ಹೇಳಿಕೊಳ್ಳಾಕ ಅಲ್ಲ. ಓದಗ ಮಿತ್ರ ಗೀತ್ರ ಅಂತ ಹಾಕಬ್ಯಾಡ. ಸಾಬವ್ವ ನಿಂಗಪ್ಪ ಮುಳವಾಡ ಅಂತ ಹಾಕು. ನನ್ನ ಹೆಸರು ಪೂರಾ ಹಾಕಿದ ಕಾಗದ ಅಂದ್ರ ಇಲ್ಲೀತನಾ ರೇಶನ್ ಕಾರ್ಡ್ ಒಂದಽ.

ಹದಿನಾರನೇ ತಾರೀಖಿಗೆ ಸಂಘದಾಗ ನಾ ಬರತೀನಿ. ಮೊದಲನೇ ಸಾಲಿನಾಗ ಕುಂಡರತೀನಿ. ಹಾರಾ ಗೀರಾ ತರಬ್ಯಾಡ, ಕಾಲಿಗೆ ಬೀಳಬ್ಯಾಡ, ಕಣ್ಣೀರ ತಗೀಬ್ಯಾಡ. ಆ ಪುಟ ತಗದು, ಎಲ್ಲಾರ ಮುಂದ ದೊಡ್ಡ ದನಿ ತಗದು ಓದು, ಆಮ್ಯಾಲ ಈ ಕಾಗದ ಓದು. ನಡಕ ನೀರು ಕುಡದರ ನಡೀತೈತಿ.